‘ನಡೀರಿ’ ಅಂದರೆ ಯಾರು?

ಎರಡು ವರ್ಷದ ಹಿಂದಿನ ಮಾತು. ನಮ್ಮ ಮನೆಯವರು ಆಗಷ್ಟೇ ರಿಟೈರ್ ಆಗಿದ್ದರು. ಕಾರಿನ ಹಿಂದೆ ಒಂದು ಕ್ಯಾರವಾನ್ ಕಟ್ಟಿಕೊಂಡು, ಇಬ್ಬರೇ ಆಸ್ಟ್ರೇಲಿಯಾ ಸುತ್ತಬೇಕೆಂಬುದು ಅವರ ಬಹುದಿನದ ಆಸೆ. ಆ ಚಕ್ರದ ಮನೆಯನ್ನು ಆರಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿತ್ತು. ಮೆಲ್ಬರ್ನಿನಲ್ಲಿ ಆರೇಳು ನೋಡಿದೆವು. ಒಂದರ ಒಲೆಯ ಮೇಲೆ ರೊಟ್ಟಿ ಹಂಚು ಕೂರುತ್ತಿರಲಿಲ್ಲ. ಇನ್ನೊಂದರಲ್ಲಿ ಗೋಡೆ ಬದಿ ಮಲಗಿದವರು ಏಳಬೇಕೆಂದರೆ ಪಕ್ಕದವರನ್ನು ದಾಟಬೇಕಿತ್ತು. “ನಿನ್ನ ನೋಡಾಕ ಬಂದಾಗೂ ನಾ ಇಷ್ಟು ಕೊಂಕು ತಗದಿರಲಿಲ್ಲ” ಎಂದು ಇವರು ಗೊಣಗಿದರು.

ಕೊನೆಗೆ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಹಳೆಯದೊಂದು ಮಾರಾಟಕ್ಕಿದೆ ಎಂಬ ಜಾಹೀರಾತು ಕಂಡಿತು. ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ನಮ್ಮ ಮನೆಯಿಂದ ಒಂಬತ್ತು ತಾಸಿನ ದಾರಿ. ಆದರೂ ಹೋದೆವು.

ಮಾರುವವರು ಪೀಟರ್ ಎಂಬ, ಎಂಬತ್ತು ದಾಟಿದ ಬಿಳಿಯರು. ಕ್ಯಾರವಾನಿನ ಬಾಗಿಲ ಪಕ್ಕ ಕುರ್ಚಿಯಲ್ಲಿ ಅವರ ಹೆಂಡತಿ ಕುಳಿತಿದ್ದರು. ಹೆಸರು ಸೂ ಅಂದರು. ಕಂದು ಮೈಬಣ್ಣ, ಗಿಡ್ಡ ಕೂದಲು, ಪ್ಯಾಂಟು. ಫಿಜಿ ಕಡೆಯವರಿರಬೇಕು ಅಂದುಕೊಂಡೆ. ಅವಳಿಗೆ ಮರೆವಿನ ಕಾಯಿಲೆ, ಮಾತು ಹೆಚ್ಚುಕಡಿಮೆ ನಿಂತೇಹೋಗಿದೆ, ಇನ್ನು ಎಲ್ಲಿಗೂ ಹೋಗುವುದಿಲ್ಲ, ಅದಕ್ಕೇ ಮಾರುತ್ತಿದ್ದೇನೆ ಎಂದರು ಪೀಟರ್.

ಪರದೇಶದಲ್ಲಿ ನಮಗೊಂದು ಕೆಟ್ಟ ಚಾಳಿ. ಎದುರಿಗಿದ್ದವರಿಗೆ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ಅವರ ಮುಂದೆಯೇ ಕನ್ನಡದಲ್ಲಿ ಆಡಿಕೊಳ್ಳುವುದು. ನನ್ನ ನಾಲಿಗೆಯಂತೂ ಮೊದಲೇ ಉದ್ದ. ಒಳಗೆ ನೋಡಿದರೆ ಎರಡು ಬೇರೆ ಬೇರೆ ಹಾಸಿಗೆ, ನಡುವೆ ಒಂದು ಮೊಳ ಜಾಗ. ಬಾಗಿಲಲ್ಲಿ ನಿಂತು ನಗುತ್ತಲೇ ಇವರಿಗೆ ಹೇಳಿದೆ.

“ಗಂಡ ಹೆಂಡ್ತಿ ಹಿಂಗ ದೂರ ಮಲಗೂದಂದ್ರ ಏನ್ರೀ? ಈ ಮುದುಕಿ ಜಲ್ಮ ಪೂರ್ತಿ ಜಗಳಾ ಆಡಿರಬೇಕು.”

“ಜಗಳಾ ಅಲ್ಲವ್ವಾ” ಎಂದು ಕುರ್ಚಿಯಿಂದ ಮೆಲ್ಲಗೆ ದನಿ ಬಂತು. “ಅವ್ರಿಗೆ ಮಣಕಾಲ ನೋವು, ಎದ್ದೇಳಾಕ ಜಾಗಾ ಬೇಕು. ನಡುವ ಕೈ ಹಿಡಕೊಂಡ ಮಲಗ್ತೀವಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪಟ ಧಾರವಾಡದ ಮಾತು, ನನ್ನ ತವರಿನದು. ಅವರ ಕಾಲ ಬಳಿ ಕುಳಿತು, ತಪ್ಪಾಯಿತೆಂದು ಕೈ ಹಿಡಿದೆ. ಯಾವ ಊರೆಂದು ಕೇಳಿದೆ. ಅವರು ಗಂಡನ ಕಡೆ ತಿರುಗಿ, “ನಡೀರಿ” ಅಂದರು.

ಪೀಟರ್ ಬೆಚ್ಚಿ ನಮ್ಮನ್ನು ನೋಡಿದರು. ಸೂ ಅಂದರೆ ಸುಶೀಲಾ, ಹರೆಯದಲ್ಲೇ ನರ್ಸ್ ಆಗಿ ಇಲ್ಲಿಗೆ ಬಂದವಳು, ಐವತ್ತು ವರ್ಷ ಮನೆಯಲ್ಲಿ ಆಡಿದ್ದು ಬರೀ ಇಂಗ್ಲಿಷ್ ಎಂದು ಹೇಳಿದರು. ಆಮೇಲೆ ಕೇಳಿದರು.

“ಈ ನಡೀರಿ ಯಾರು? ಎಂಟು ತಿಂಗಳಿಂದ ದಿನಾ ಅವಳನ್ನೇ ಕರೀತಾಳೆ. ಹಳೇ ಪತ್ರ, ಫೋಟೋ ಎಲ್ಲಾ ಹುಡುಕಿದೆ. ಸಿಗಲಿಲ್ಲ.”

 ನಮ್ಮ ಮನೆಯವರು ಬಿಡಿಸಿ ಹೇಳಿದರು, ಅದು ಯಾರ ಹೆಸರೂ ಅಲ್ಲ, ನಡೀರಿ ಅಂದರೆ ಬನ್ನಿ, ಹೊರಡೋಣ ಎಂದು. ನಮ್ಮ ಕಡೆ ಹೆಂಡತಿ ಗಂಡನಿಗೆ ಹಾಗೆ ಅನ್ನುತ್ತಾಳೆ, ಅವರು ಇಷ್ಟು ದಿನ ಕರೆದದ್ದು ನಿಮ್ಮನ್ನೇ ಎಂದರು.

ಪೀಟರ್ ಕ್ಯಾರವಾನಿನ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಅವಳು ಹೊರಡೋಣ ಅನ್ನುತ್ತಿದ್ದಾಗ ನಾನು ಗಾಡಿ ಮಾರಲು ಹೊರಟೆ ಎಂದು ಮಕ್ಕಳಂತೆ ಅತ್ತರು. ಕಣ್ಣೊರೆಸಿಕೊಂಡು, ಗಂಡ ಅದಕ್ಕೆ ಏನನ್ನಬೇಕು ಎಂದು ಕೇಳಿದರು. “ನಡಿ” ಅನ್ನಬೇಕು ಎಂದು ಇವರು ಕಲಿಸಿದರು. ನಾಲಿಗೆ ಹೊರಳದೆ ನಾಲ್ಕೈದು ಸಲ ಹೇಳಿ ನೋಡಿ, ಹೆಂಡತಿಯ ಮುಂದೆ ಬಗ್ಗಿ, “ನಡಿ” ಅಂದರು. ಸುಶೀಲಮ್ಮ ಅವರ ಕೆನ್ನೆ ಸವರಿದರು.

ಕ್ಷಮಿಸಿ, ಮಾರುವುದಿಲ್ಲ ಎಂದರು ಪೀಟರ್. ನಾವೂ ಬರಿಗೈಯಲ್ಲಿ ಮೆಲ್ಬರ್ನಿಗೆ ಮರಳಿದೆವು.

ಐದು ತಿಂಗಳ ಮೇಲೆ ಅವರ ಫೋನ್ ಬಂತು. ಒಂದೇ ಒಂದು ಸಲ, ಸಮುದ್ರದ ದಂಡೆಗೆ ಎರಡು ದಿನ ಹೋಗಿ ಬಂದಿದ್ದರಂತೆ. ಆಮೇಲೆ ಆಸ್ಪತ್ರೆ. ಕೊನೆಯ ದಿನ ಬೆಳಗ್ಗೆ ಸುಶೀಲಮ್ಮ ಕಣ್ಣು ಬಿಟ್ಟು “ನಡೀರಿ” ಅಂದರಂತೆ.

“ನಾನು ‘ನಡಿ’ ಅಂದೆ” ಎಂದರು ಪೀಟರ್. “ಅವಳು ಒಬ್ಬಳೇ ಹೋದಳು.”

ಆ ಕ್ಯಾರವಾನ್ ನೀವೇ ಇಟ್ಟುಕೊಳ್ಳಬೇಕೆಂದು ಹಟ ಹಿಡಿದರು. ಈಗ ಅದು ನಮ್ಮ ಅಂಗಳದಲ್ಲಿದೆ. ನಡುವಿನ ಮೊಳ ಜಾಗ ಹಾಗೇ ಬಿಟ್ಟಿದ್ದೇವೆ. ಮೊದಲೆಲ್ಲ ನಾನು “ನಡೀರಿ” ಅಂದರೆ “ತಡಿ, ಬಂದೆ” ಎಂದು ಪೇಪರ್ ಹಿಡಿದು ಕೂರುತ್ತಿದ್ದ ಇವರು ಈಗ ತಟ್ಟನೆ ಎದ್ದು ಚಪ್ಪಲಿ ಮೆಟ್ಟುತ್ತಾರೆ. ಆ ಮಾತು ಆಡಲು ಈಗ ನನಗೇ ಭಯ. ನಮ್ಮಿಬ್ಬರಲ್ಲಿ ಒಬ್ಬರು ಒಂದು ದಿನ ಅದಕ್ಕೆ ಉತ್ತರ ಕೊಟ್ಟು, ಇಲ್ಲೇ ಉಳಿಯಬೇಕಲ್ಲ.