ಮೂರು ಫೋನಿನ ಕಾಕಾ

ಕಾಕಾ ಅವರ ಬಲಗೈ ಎಡಗೈಗಿಂತ ತೀರಾ ಕಪ್ಪು. ಮೊಣಕೈಯಿಂದ ಕೆಳಗೆ ಸುಟ್ಟ ಬದನೆಕಾಯಿಯ ಬಣ್ಣ. ಎಡಗೈ ಮಾತ್ರ ಗೋದಿಹಿಟ್ಟಿನಂತೆ ಬೆಳ್ಳಗೆ. ಇಪ್ಪತ್ತೆಂಟು ವರ್ಷ ಆ ಬಲಗೈಯನ್ನು ಲಾರಿಯ ಕಿಟಕಿಯ ಮೇಲಿಟ್ಟುಕೊಂಡು ವಿಜಾಪುರ, ಸೋಲಾಪುರ, ಪುಣೆ, ವಾಶಿ ಎಂದು ಓಡಾಡಿದವರು. ಸಕ್ಕರೆ ಕಾಯಿಲೆಗೆ ಕಣ್ಣು ಮಂಜಾಗಿ ಸ್ಟೇರಿಂಗ್ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಆ ಕಪ್ಪು ಇಳಿದಿರಲಿಲ್ಲ. "ನಾ ರಿಟೈರ್ ಆಗೇನಿ ಅಂತ ಈ ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ" ಎಂದು ನಗುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ವಾಶಿ ಮಾರ್ಕೆಟ್ಟಿನ ಹತ್ತಿರ ಲಾರಿಗಳು ನಿಲ್ಲುವ ಜಾಗದಲ್ಲಿ, ಒಂದು ಬುಕಿಂಗ್ ಆಫೀಸಿನ ಮೂಲೆಯಲ್ಲಿ. ಮುಂದೆ ಕಬ್ಬಿಣದ ಮೇಜು, ಮೇಜಿನ ಮೇಲೆ ಸಾಲಾಗಿ ಗುಂಡಿ ಒತ್ತುವ ಮೂರು ಫೋನುಗಳು. ಒಂದು ಠಾಣೆ ಕಡೆಯ ರಸ್ತೆಗೆ, ಒಂದು ಕಲ್ಯಾಣ, ಡೊಂಬಿವಲಿ ಕಡೆಗೆ, ಇನ್ನೊಂದು ಪನ್ವೇಲ್ ಕಡೆಗೆ. ಕಣ್ಣು ಸರಿ ಕಾಣದ್ದರಿಂದ ಮೂರಕ್ಕೂ ಬೇರೆ ಬೇರೆ ಸದ್ದು ಇಟ್ಟುಕೊಂಡಿದ್ದರು. ರಸ್ತೆಯಲ್ಲಿರುವ ಡ್ರೈವರುಗಳು ಆ ನಂಬರುಗಳಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ಒಂದು ಕೊಟ್ಟರೆ ರಸ್ತೆ ಚಾಲು. ಎರಡು ಕೊಟ್ಟರೆ ಜಾಮ್. ಮೂರು ಕೊಟ್ಟರೆ ಪೂರ್ತಿ ಬಂದ್, ದೊಡ್ಡ ಗಾಡಿಗಳನ್ನು ಬಿಡುತ್ತಿಲ್ಲ ಎಂದರ್ಥ. ಕಾಕಾ ತಕ್ಷಣ ಆ ಕಡೆ ಹೊರಟವರಿಗೆ ಅಷ್ಟೇ ಮಿಸ್ಡ್ ಕಾಲ್ ದಾಟಿಸುತ್ತಿದ್ದರು. ಯಾರೂ ಫೋನ್ ಎತ್ತುತ್ತಿರಲಿಲ್ಲ, ಆದರೆ ಎಲ್ಲರಿಗೂ ಸುದ್ದಿ ಮುಟ್ಟುತ್ತಿತ್ತು.

ಅವರದು ಒಂದೇ ನಿಯಮ. "ಮೂರು ಬಂದ್ರ ಸುಮ್ನ ಕುಂಡ್ರಬಾರ್ದು. ಹಿಂದ ಬರಾಂವಗ ಮುಟ್ಟಸಬೇಕು. ಇಲ್ಲಾಂದ್ರ ಅಂವನೂ ಬಂದು ಅದೇ ತೆಗ್ಗಿನ್ಯಾಗ ಬೀಳ್ತಾನ."

ನಾನಾಗ ಮೈಸೂರಿನಿಂದ ಬಂದು ವಾಶಿ ಹತ್ತಿರದ ಬೇಲಾಪುರದ ಸಣ್ಣದೊಂದು ಕಂಪನಿಗೆ ಸೇರಿದ್ದೆ. ಅಕ್ಕಪಕ್ಕದ ಊರುಗಳು ದೊಡ್ಡ ಗಾಡಿಗಳಿಗೆ ತಮತಮಗೆ ತೋಚಿದ ಹೊತ್ತಿನಲ್ಲಿ ನೋ ಎಂಟ್ರಿ ಹಾಕುತ್ತಿದ್ದ ಕಾಲ. ಒಂದು ಕಡೆ ಬಿಡುವ ಹೊತ್ತಿಗೆ ಮುಂದಿನ ಕಡೆ ಮುಚ್ಚುತ್ತಿತ್ತು. ಲಾರಿಗಳು ಗಡಿಯಲ್ಲಿ ಬಿಸಿಲು ಕಾಯುತ್ತ ನಿಲ್ಲುತ್ತಿದ್ದವು. ಆ ಊರುಗಳ ಮೂರು ಟ್ರಾಫಿಕ್ ಕಚೇರಿಗಳನ್ನು ಒಟ್ಟಿಗೆ ಕೂರಿಸಿ, ಲಾರಿಗಳಿಗೆ ಜಿಪಿಎಸ್ ಡಬ್ಬಿ ಕೂರಿಸಿ, ಯಾವ ರಸ್ತೆ ಯಾವಾಗ ತೆರೆಯುತ್ತದೆಂದು ಡ್ರೈವರುಗಳಿಗೆ ಮೆಸೇಜು ಕಳಿಸುವುದು ನಮ್ಮ ಪ್ರಾಜೆಕ್ಟು. ನನಗೆ ಅದರ ಮೇಲೆ ದೇವರ ಮೇಲಿದ್ದಷ್ಟು ನಂಬಿಕೆ.

ನಲವತ್ತು ಪ್ರಶ್ನೆಗಳ ಫಾರ್ಮ್ ಹಿಡಿದು ಹೋದವಳನ್ನು ಕಾಕಾ ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಲಾರ್‍ಯಾಗ ಎಂದರ ಕುಂತೀರೇನ್ರಿ ಮೇಡಂ?"

"ಇಲ್ಲ."

"ಹಂಗಾರ ಫಾರ್ಮ್ ಆಮ್ಯಾಲ. ಮೊದಲ ಹೋಗಿ ಬರ್ರಿ."

ಕಲ್ಯಾಣಕ್ಕೆ ಕೊತ್ತಂಬರಿ ಒಯ್ಯುತ್ತಿದ್ದ, ಬಿಳಿ ಮೀಸೆಯ ಡ್ರೈವರನ ಪಕ್ಕ ನನ್ನನ್ನು ಹತ್ತಿಸಿಯೇಬಿಟ್ಟರು. ದಾರಿಯಲ್ಲಿ ಶಿಳ್‌ಫಾಟಾದ ಪೊಲೀಸ್ ನಾಕಾದಲ್ಲಿ ನಿಂತ ಗಾಡಿ ಮಧ್ಯಾಹ್ನವಾದರೂ ಅಲುಗಲಿಲ್ಲ. ಡ್ರೈವರ್ ತಾನು ಕುಡಿಯಲು ಇಟ್ಟುಕೊಂಡಿದ್ದ ಕ್ಯಾನಿನ ನೀರನ್ನು ಕೊತ್ತಂಬರಿಯ ಮೇಲೆ ಚಿಮುಕಿಸಿದ. ನಾನು ನನ್ನ ಬಾಟಲಿಯನ್ನೂ ಕೊಟ್ಟೆ. ಕಲ್ಯಾಣದಲ್ಲಿ ವ್ಯಾಪಾರಿ ಒಂದು ಕಟ್ಟು ಎಳೆದು, ಮೂಸಿ, ವಾಪಸ್ಸು ಎಸೆದ. ಬಿಳಿ ಮೀಸೆ ಅದೇ ಕೊತ್ತಂಬರಿಯ ಚೀಲಕ್ಕೆ ಒರಗಿ ಬೀಡಿ ಹಚ್ಚಿದ. ಮರುದಿನ ಬಂದಾಗ ಕಾಕಾ ಹೇಳಿದ್ದು ಇಷ್ಟೇ: "ಈಗ ತುಂಬ್ರಿ, ಫಾರ್ಮ್."

ಅಂದಿನಿಂದ ನಾನು ಮೇಡಂ ಹೋಗಿ ತಂಗಿಯಾದೆ.

ಅವರ ಬಳಿ ನೀಲಿ ರೆಕ್ಸಿನ್ ಹೊದಿಕೆಯ ಉದ್ದನೆಯ ಪುಸ್ತಕವೊಂದಿತ್ತು; ಯಾರಿಗೆ ಸುದ್ದಿ ದಾಟಿಸಬೇಕಾದರೂ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿಯೇ ನಂಬರ್ ಒತ್ತುತ್ತಿದ್ದರು. ಅದರಲ್ಲಿ ಡ್ರೈವರುಗಳು ತಮ್ಮ ಕೈಯಾರೆ ಬರೆದ ನಂಬರುಗಳು, ಕನ್ನಡ ಅಂಕಿ, ಮರಾಠಿ ಅಂಕಿ, ಇಂಗ್ಲಿಷ್ ಅಂಕಿ ಎಲ್ಲ ಬೆರೆತು. ಬಹಳ ಕಡೆ ಹೆಸರಿನ ಜಾಗದಲ್ಲಿ ಹೆಸರೇ ಇರುತ್ತಿರಲಿಲ್ಲ. ಇಂಡಿ ನಿಂಬಿಹಣ್ಣು, ತಾಸಗಾವ ದ್ರಾಕ್ಷಿ, ಬಿಳಿ ಮೀಸಿ, ಹಾಡು ಹಾಕಾಂವ. ಇಂಥ ಜಾಲವೊಂದಿದೆ ಎಂದು ಆಫೀಸಿನಲ್ಲಿ ಹೆಮ್ಮೆಯಿಂದ ಹೇಳಿದವಳು ನಾನೇ. ಮೇಲಿನವರ ಕಿವಿ ನೆಟ್ಟಗಾಯಿತು. ಆ ನಂಬರುಗಳೆಲ್ಲ ಕಂಪ್ಯೂಟರಿಗೆ ಬೇಕೆಂದರು.

ಕಾಕಾ ಪುಸ್ತಕವನ್ನು ಬಹಳ ಹೊತ್ತು ಆ ಕಪ್ಪು ಕೈಯಲ್ಲೇ ಹಿಡಿದುಕೊಂಡಿದ್ದರು.

"ಇದ ಕೊಟ್ರ ನಾ ಪೂರಾ ಕುರುಡ ಆಗ್ತೇನಿ, ತಂಗಿ. ಎಂದ ತರತಿ?"

"ಹದಿನೈದು ದಿನ ಕಾಕಾ. ನಾನೇ ತಂದ್ಕೊಡ್ತೀನಿ, ಖಂಡಿತ."

ಕಂಪ್ಯೂಟರಿನಲ್ಲಿ ಪೂರ್ತಿ ಹೆಸರು ಬರೆಯದೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ನಿಂಬೆಹಣ್ಣು, ದ್ರಾಕ್ಷಿ, ಬಿಳಿ ಮೀಸೆ ಎಲ್ಲವನ್ನೂ ನಮ್ಮವರು ಪಕ್ಕಕ್ಕೆ ಇಟ್ಟರು. ಉಳಿದವರಿಗೆ, ಮತ್ತು ಹೊಸದಾಗಿ ಬಂದು ಕೇಳಿದವರಿಗೆಲ್ಲ, ಪ್ರಾಜೆಕ್ಟಿನ ಕಡೆಯಿಂದ ಪುಕ್ಕಟೆ ಸಿಮ್ ಹಂಚಿದೆವು. ಡ್ರೈವರುಗಳು ಹಳೆಯ ಸಿಮ್ ತೆಗೆದು ಎಲ್ಲೋ ಬಿಸಾಕಿದರು. ಕಾಕಾ ಅವರ ನಂಬರುಗಳು ಇದ್ದದ್ದೂ ಅದೇ ಹಳೆಯ ಸಿಮ್ಮಿನಲ್ಲಿ.

ಸುಳ್ಳು ಹೇಳಬಾರದು, ಶುರುವಿನಲ್ಲಿ ಕೆಲಸ ನಡೆಯಿತು. ಒಂದು ದಿನವಂತೂ ಮೂರೂ ಕಡೆಯವರು ಒಂದೇ ಹೊತ್ತಿಗೆ ರಸ್ತೆ ಬಿಟ್ಟರು. ಬಂದ ಮೆಸೇಜನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಕಾಕಾ ಮೇಜಿಗೆ ಬಲಗೈ ಬಡಿದ ರಭಸಕ್ಕೆ ಮೂರೂ ಫೋನುಗಳು ಜಿಗಿದವು. "ರಸ್ತಾ ಯಾರಪ್ಪಂದೂ ಅಲ್ಲ, ಆದ್ರ ನಾಕಾಕ್ಕೊಬ್ಬ ಅಪ್ಪ ಅಂತಿದ್ದೆ ನಾನು. ಇವತ್ತ ಅಪ್ಪಗೋಳೆಲ್ಲಾ ಮಾತಾಡ್ಯಾರ ನೋಡು!" ಅಂಥ ದಿನ ನಾನು ನೋಡಿದ್ದು ಅದೊಂದೇ.

ಆಮೇಲಿನದು ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಗಂಡನ ಚಿಂತೆ ಎಂಬ ಕಥೆ. ಮೆಸೇಜಿನಲ್ಲಿ ಯಾರ ಹೆಸರು ಮೊದಲು ಬರಬೇಕು, ಯಂತ್ರ ಯಾರ ಕಟ್ಟಡದಲ್ಲಿರಬೇಕು ಎಂದು ಮೀಟಿಂಗಿನ ಮೇಲೆ ಮೀಟಿಂಗು. ಒಂದು ಕಡೆಯವರು ಬೇರೆಯದೇ ಡಬ್ಬಿ ತಂದರು. ಅದು ಹೇಳಿದ್ದು ಇದಕ್ಕೆ ತಿಳಿಯದಾಯಿತು. ರಸ್ತೆ ಚಾಲು ಎಂದು ಮೆಸೇಜು ಬರುವ ಹೊತ್ತಿಗೆ ಅಲ್ಲಿ ಹವಾಲ್ದಾರ ಅಡ್ಡ ನಿಂತಿರುತ್ತಿದ್ದ. ಕೊನೆಗೆ ಪ್ರಯೋಗದ ಅವಧಿ ಮುಗಿಯಿತೆಂದು ಒಂದು ಸೋಮವಾರ ಎಲ್ಲ ಸಿಮ್ಮುಗಳನ್ನೂ ಬಂದ್ ಮಾಡಿದರು.

ಹದಿನೈದು ದಿನಕ್ಕೆಂದು ತಂದು ವಾಪಸ್ಸು ಕೊಡದೇ ಉಳಿದಿದ್ದ ನೀಲಿ ಪುಸ್ತಕವನ್ನು ನಾನು ಆಗ ಹುಡುಕಿದೆ. ಅಷ್ಟರಲ್ಲಿ ನಮ್ಮ ಆಫೀಸು ಎರಡನೆಯ ಮಹಡಿಯಿಂದ ಐದನೆಯದಕ್ಕೆ ಹೋಗಿತ್ತು, ಹಳೆಯ ಕಾಗದಪತ್ರವೆಲ್ಲ ರದ್ದಿಯವನ ಪಾಲಾಗಿತ್ತು. ಅವನ ಅಂಗಡಿಗೂ ಹೋಗಿ ಕೇಳಿದೆ, ಅವನು ನಕ್ಕ. ಕಾಕಾ ಅವರಿಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ. "ಹುಡುಕ್ತಿದೀವಿ ಕಾಕಾ, ಸಿಗುತ್ತೆ" ಎಂದೆ. ಮುಂದಿನ ಸಲವೂ ಅದನ್ನೇ ಹೇಳಿದೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ನನಗೆ ನಾಚಿಕೆಯಾಗಬಾರದೆಂದು ಬಿಟ್ಟರು ಎಂದು ಈಗ ಅನ್ನಿಸುತ್ತದೆ.

ಕೆಲವು ಡ್ರೈವರುಗಳು ಬಂದು ಕಾಕಾ ಅವರ ನಂಬರ್ ಮತ್ತೆ ಬರೆದುಕೊಂಡು ಹೋದರು. ಆದರೆ ದಾರಿಯುದ್ದಕ್ಕೂ ಜನ ಇದ್ದರೆ ತಾನೆ ಸುದ್ದಿ? ಅಲ್ಲೊಬ್ಬ ಇಲ್ಲೊಬ್ಬ ಕೊಟ್ಟ ಮಿಸ್ಡ್ ಕಾಲ್ ನಂಬಿ ಹೋದವರು ಸಿಕ್ಕಿಹಾಕಿಕೊಂಡು, ಬಂದು ಬೈದರು. ಕಾಕಾ ಬೈಸಿಕೊಂಡರು. ಒಮ್ಮೆ ನಾನು ಎದುರಿಗೇ ಕೂತಿದ್ದಾಗ ಕಲ್ಯಾಣ ಕಡೆಯ ಫೋನ್ ಬಡಿದುಕೊಂಡಿತು. ಕಾಕಾ ಕೈ ಎತ್ತಿ, ಸುಮ್ಮನಿರು ಎಂದು ನನಗೆ ಸನ್ನೆ ಮಾಡಿ ಎಣಿಸತೊಡಗಿದರು. ಅದು ನಿಲ್ಲಲೇ ಇಲ್ಲ. ಎತ್ತಿ ಕಿವಿಗಿಟ್ಟುಕೊಂಡು, ಸ್ವಲ್ಪ ಹೊತ್ತು ಕೇಳಿ, ಕೆಳಗಿಟ್ಟರು.

"ಯಾರು ಕಾಕಾ?"

"ಒಂದು ಹುಡುಗಿ. ಹೊಸಾ ಕಾಲರ್ ಟ್ಯೂನ್ ಬೇಕೇನಂತ."

ಆದರೂ ಮೂರಕ್ಕೂ ದಿನಾ ಚಾರ್ಜ್ ಹಾಕುವುದನ್ನು ಬಿಡಲಿಲ್ಲ. ಎಲ್ಲರ ಕೈಗೂ ದೊಡ್ಡ ಫೋನ್ ಬಂದ ಮೇಲೆ, ಮ್ಯಾಪಿನಲ್ಲಿ ಜಾಮ್ ಕಾಣುತ್ತದೆ ನೋಡಿ ಎಂದು ತೋರಿಸಿದೆ. ನನ್ನ ತಪ್ಪು ಅಷ್ಟಾದರೂ ಹಗುರವಾಗಲಿ ಎಂಬ ಆಸೆ ಇತ್ತೇನೋ. ಕಾಕಾ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಕೆಂಪು ಐತಿ ಅಂತ ಹೇಳ್ತದ. ಯಾವಾಗ ಬಿಡ್ತಾರ ಅಂತ ಹೇಳ್ತದೇನ?"

ನಾನು ಫೋನ್ ಇಸಿದುಕೊಂಡು ಚೀಲಕ್ಕೆ ಹಾಕಿದೆ.

ಕಿಡ್ನಿ ಕೈಕೊಟ್ಟ ಮೇಲೆ ಅವರು ಘಣಸೋಲಿಯ ಹಳೆಯ ಊರಾದ ಗಾವಠಾಣದ ತಮ್ಮ ಒಂದೇ ಕೋಣೆಯಲ್ಲಿ ಮಲಗಿಬಿಟ್ಟರು. ನೋಡಿಕೊಳ್ಳಲು ಅವರ ಹೆಂಡತಿ, ಕಾಕು, ಒಬ್ಬರೇ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಫೋನಿನಲ್ಲಿ ಯಾವ ಗುಂಡಿ ಒತ್ತಿದರೆ ನನಗೆ ಬರುತ್ತದೆಂದು ಕಾಕಾ ಹೇಳಿಕೊಟ್ಟಿದ್ದರು.

ಅಂದು ಬೆಳಿಗ್ಗೆ ನಾನು ಬೇಲಾಪುರದಲ್ಲಿ ಮೀಟಿಂಗಿನಲ್ಲಿದ್ದೆ. ಅದೇ ರಸ್ತೆ, ಅದೇ ಊರುಗಳ ಒಗ್ಗಟ್ಟು, ಪ್ರಾಜೆಕ್ಟಿನ ಹೆಸರು ಮಾತ್ರ ಹೊಸದು. ಮೇಜಿನ ಮೇಲಿದ್ದ ನನ್ನ ಫೋನ್ ಒಮ್ಮೆ ನಡುಗಿ ನಿಂತಿತು. ಮತ್ತೊಮ್ಮೆ ನಡುಗಿ ನಿಂತಿತು. ಮೂರನೆಯ ಸಲ ನಡುಗಿ ನಿಂತಾಗ ನಾನು ಎದ್ದು ಹೊರಗೆ ಬಂದೆ. ಪರದೆಯ ಮೇಲೆ ಕಾಕಾ ಅವರ ನಂಬರು. ತಿರುಗಿ ಮಾಡಿದೆ, ಕಾಕು ಎತ್ತಿದರು.

"ಅವರೇ ಹೇಳಿದ್ರವಾ. ನಾ ಹ್ವಾದ್ರ ತಂಗೀಗೆ ಮೂರು ಕೊಡು, ಆಕೀಗೆ ತಿಳೀತದ ಅಂದ್ರು. ನನ್ನ ಕಡಿಂದ ಮಾತಾಡಾಕ ಆಗೂದಿಲ್ಲಂತ ಗೊತ್ತಿತ್ತವ್ರಿಗೆ."

ಘಣಸೋಲಿಗೆ ಹೋದಾಗ ಕೋಣೆಯ ಮುಂದೆ ಬುಕಿಂಗ್ ಆಫೀಸಿನ ನಾಲ್ಕು ಜನ ನಿಂತಿದ್ದರು. ಹೊರಲು ಸರಿಹೋಗುವಷ್ಟೇ ಜನ. ಚಾದರದ ಹೊರಗೆ ಚಾಚಿದ್ದ ಆ ಕಪ್ಪು ಕೈಯನ್ನು ಕಾಕು ಒಳಗೆ ಸೇರಿಸುತ್ತಿದ್ದರು. ನನ್ನನ್ನು ಕಂಡು, ಅಳುವನ್ನು ನಿಲ್ಲಿಸಿ, ಬಾಗಿಲಿನತ್ತ ನೋಡಿದರು.

"ಡ್ರೈವರಗೋಳಿಗೆ ಹೇಳೀಯೇನವಾ? ಅವರು ಬಂದ್ರ ಇಲ್ಲಿ ನಿಲ್ಲಾಕ ಜಾಗಾ ಸಾಲೂದಿಲ್ಲ. ನಂಬರ್ ಬುಕ್ಕ ನಿನ್ನ ಕಡೆ ಜತನ ಐತಿ ಅಂತಿದ್ರು, ಕಡೀತನಕಾ ಅಂತಿದ್ರು."

"ಹೇಳ್ತೀನಿ ಕಾಕು" ಎಂದೆ.

ಗಲ್ಲಿಗೆ ಬಂದು ಫೋನ್ ಕೈಯಲ್ಲಿ ಹಿಡಿದು ನಿಂತೆ. ಮೂರು ಬಂದರೆ ಸುಮ್ಮನೆ ಕೂರಬಾರದು. ನಾನು ಯಾರಿಗೂ ಮುಟ್ಟಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ ಒಳಗಿನಿಂದ ಒಬ್ಬರು ಬಂದು, ಇನ್ನೂ ಯಾರಾದರೂ ಬರುವವರಿದ್ದಾರೆಯೇ, ಕಾಯಬೇಕೇ ಎಂದು ಕೇಳಿದರು. ಬೇಡ, ಎತ್ತಿ ಎಂದೆ.