ತೊಂಬತ್ತೇಳು ಪರ್ಸೆಂಟ್ ಜೋಡಿ

ನನ್ನ ಚಿಕ್ಕಮ್ಮ ಟ್ಯಾಕ್ಸಿ ಕಚೇರಿಯೊಂದರಲ್ಲಿ ಫೋನಿನ ಕೆಲಸಕ್ಕಿದ್ದಾಳೆ. ಗಿರಾಕಿ ಎಲ್ಲಿದ್ದಾನೆಂದು ಕೇಳಿಕೊಂಡು ಹತ್ತಿರವಿರುವ ಡ್ರೈವರನ್ನು ಕಳಿಸುವುದು ಅವಳ ಕೆಲಸ. ಒಂದು ಚಕ್ರ ಮುರಿದ ಕುರ್ಚಿ, ಒಂದು ಹಳೆಯ ಕಂಪ್ಯೂಟರು, ಎದುರಿನ ಗ್ಯಾರೇಜು ಕಾಣುವ ಕಿಟಕಿ. ಆ ಗ್ಯಾರೇಜಿನಲ್ಲಿ ಚಿಕ್ಕಪ್ಪ ಮೆಕ್ಯಾನಿಕ್. ಅವರಿಬ್ಬರೂ ಈಗ ಒಟ್ಟಿಗಿಲ್ಲ.

ಅವಳು ಕೆಲಸಕ್ಕೆ ಹೋಗುವುದು ಚಿಕ್ಕಪ್ಪನಿಗೆ ಇಷ್ಟವಿರಲಿಲ್ಲ. ಬೆಳಗ್ಗೆ ಎದ್ದು ಅವಳ ಚಪ್ಪಲಿ ಬಚ್ಚಿಡುತ್ತಿದ್ದ. ಕೇಳಿದವರೆಲ್ಲ, "ಪಾಪ, ಹೆಂಡ್ತೀನ ಬಿಟ್ಟಿರೋಕಾಗಲ್ಲ" ಎಂದು ನಗುತ್ತಿದ್ದರು. ಆಮೇಲೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗತೊಡಗಿದ. ಅದಕ್ಕೆ ಯಾರೂ ನಗಲಿಲ್ಲ, ಆದರೆ ಯಾರೂ ಏನೂ ಅನ್ನಲೂ ಇಲ್ಲ. ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಅವಳು ಬರಿಗಾಲಲ್ಲೇ ಹೊರಟು, ನಾನೂ ಅಜ್ಜಿಯೂ ಇರುವ ಮನೆಗೆ ಬಂದಳು.

ಡ್ರೈವರುಗಳೂ ಗ್ಯಾರೇಜಿನವರೂ ಇರುವ ಚಾಟ್ ಗ್ರೂಪಿಗೆ, ಕೇಳಿದ್ದಕ್ಕೆ ತಾನಾಗಿಯೇ ಉತ್ತರ ಕೊಡುವ ಬಾಟ್ ಮಾಡಿಕೊಟ್ಟವಳು ಅವಳೇ. ವಿಡಿಯೋ ನೋಡಿ, ತಪ್ಪಿ, ತಿದ್ದಿ ಕಲಿತಳು. 'ಪಾಳಿ' ಎಂದು ಬರೆದರೆ ಸಾಕು, ಯಾರ ಸರದಿ ಯಾವಾಗ ಎಂದು ಅದು ಹೇಳುತ್ತಿತ್ತು.

"ಅಕ್ಕಾ, ನಿನ್ನ ಬಾಟು ಒಳ್ಳೆ ಹೆಡ್‌ಮಾಸ್ಟ್ರ ಥರ ಆಯ್ತು" ಎಂದ ಒಬ್ಬ ಡ್ರೈವರು. ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುವುದು. "ಸ್ವಲ್ಪ ತಮಾಷೆ ಕಲಿಸು. ಯಾರಿಗೆ ಯಾರು ಜೋಡಿ ಅಂತ ಹೇಳ್ಲಿ."

"ನಿಂಗೆ ಟೀ ಅಂಗಡಿ ಬೆಂಚೇ ಜೋಡಿ ಕಣೋ. ಅದಕ್ಕೆ ಬಾಟ್ ಯಾಕೆ?" ಎಂದಳು. ಆದರೂ ಮಾಡಿದಳು.

'ಜೋಡಿ' ಎಂದು ಬರೆದು ಎರಡು ಹೆಸರು ಕೊಡಬೇಕು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ. ಬಾಟ್ ಅವನ್ನೆಲ್ಲ ಕೂಡಿ, ಅರವತ್ತೊಂದರಿಂದ ಭಾಗಿಸಿ, ಉಳಿದ ಶೇಷಕ್ಕೆ ನಲವತ್ತು ಸೇರಿಸಿ, ಇಷ್ಟು ಪರ್ಸೆಂಟ್ ಜೋಡಿ ಎಂದು ಹೇಳುತ್ತಿತ್ತು. ನಲವತ್ತು ಯಾಕೆಂದರೆ, ತಮಾಷೆಗೆ ಕೇಳಿದರೂ ಯಾರ ಮನಸ್ಸೂ ಮುರಿಯಬಾರದೆಂದು. ಯಾವ ಹೆಸರು ಮೊದಲು ಬರೆದರೂ ಉತ್ತರ ಒಂದೇ. ಇವತ್ತು ಬಂದ ಅಂಕೆ ನಾಳೆ ಬದಲಾಗಬಾರದು, ಬದಲಾದರೆ ಆಟದಲ್ಲಿ ಮಜಾ ಇಲ್ಲ ಎಂದಿದ್ದಳು. ತೊಂಬತ್ತು ದಾಟಿದರೆ, "ಇನ್ನೇನು ನೋಡ್ತಿದ್ದೀರಿ? ಮದುವೆಗೆ ಕರೀರಿ!" ಎಂಬ ಸಾಲು.

ಒಂದು ವಾರ ಗ್ರೂಪಿನಲ್ಲಿ ನಗೆಯೋ ನಗೆ. ಮಾಲೀಕನಿಗೂ ಪಂಕ್ಚರಾದ ಟೈರಿಗೂ ತೊಂಬತ್ತೆಂಟು ಬಂದಿತ್ತು. ಆಮೇಲೆ ಯಾರೋ ಚಿಕ್ಕಮ್ಮನ ಹೆಸರಿನ ಜೊತೆ ಚಿಕ್ಕಪ್ಪನ ಹೆಸರು ಬರೆದರು. ತೊಂಬತ್ತೇಳು. ಮದುವೆಗೆ ಕರೀರಿ.

"ಅಕ್ಕಾ, ನೀನು ಹೆತ್ತ ಮಗುನೇ ಸಾಕ್ಷಿ ಹೇಳ್ತಿದೆಯಲ್ಲಾ!" ಎಂದು ಮೀಸೆ ಬರೆದ. ಅದರ ಕೆಳಗೆ ನಗುವ ಮುಖಗಳ ಸಾಲು.

ಸಂಜೆ ಚಿಕ್ಕಪ್ಪ ಮನೆಗೆ ಬಂದ. ಶರ್ಟು ಇಸ್ತ್ರಿಯಾಗಿತ್ತು. ಫೋನನ್ನು ಅಜ್ಜಿಯ ಕೈಗೇ ಕೊಟ್ಟ.

"ನೋಡಿ ಅತ್ತೆ. ಬರ್ದಿದ್ದು ನಾನಲ್ಲ, ನಿಮ್ಮ ಮಗಳೇ."

ಅಜ್ಜಿ ಕನ್ನಡಕ ಹಾಕಿಕೊಂಡು ಓದಿದಳು. ಮಗಳನ್ನು ಗಂಡನ ಮನೆಗೆ ಕಳಿಸಲು ಅವಳಿಗೆ ಬೇಕಾಗಿದ್ದುದು ಒಂದು ನೆಪ. "ನೀನೇ ಮಾಡಿದ್ದಲ್ವೇನೇ? ನೀನು ಮಾಡಿದ್ದನ್ನ ನೀನೇ ನಂಬಲ್ಲ ಅಂದ್ರೆ ಹೇಗೆ?"

ಚಿಕ್ಕಮ್ಮ ಅಕ್ಷರದ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದಳು. ಟೈರಿನ ಕತೆಯನ್ನೂ ಹೇಳಿದಳು.

"ಟೈರಿಗೇನು ಸಂಸಾರ ಇದ್ಯಾ?" ಎಂದಳು ಅಜ್ಜಿ.

"ಹೊರಗಿಂದ ಬೀಗ ಹಾಕ್ತಿದ್ರಲ್ಲ, ಅದು ಎಷ್ಟು ಪರ್ಸೆಂಟಮ್ಮಾ?"

"ಆದದ್ದಾಯ್ತು ಬಿಡೇ" ಎಂದಳು ಅಜ್ಜಿ. ಅಳಿಯನಿಗೆ ಟೀ ಮಾಡಲು ಒಳಗೆ ಹೋದಳು.

ಅವನು ಹೋದ ಮೇಲೆ ಚಿಕ್ಕಮ್ಮ ನನ್ನೊಡನೆ ಹೇಳಿದಳು: "ಲೆಕ್ಕ ಬದಲಾಯಿಸಿದ್ರೆ ಮೋಸ ಮಾಡ್ದೆ ಅಂತಾರೆ. ಬಿಟ್ರೆ, ಈ ಜನ್ಮ ಪೂರ್ತಿ ನಾನು ತೊಂಬತ್ತೇಳೇ."

ಮರುದಿನ ಬಾಟಿನಿಂದ ಆ 'ಜೋಡಿ' ಕಮಾಂಡನ್ನೇ ಕಿತ್ತು ಹಾಕಿದಳು. "ನಿಜ ಹೇಳ್ತು ಅಂತ ಅದರ ಬಾಯಿ ಮುಚ್ಚಿಸಿದ್ರಾ?" ಎಂದು ಗ್ರೂಪಿನಲ್ಲಿ ಒಬ್ಬ ಕೇಳಿದ. ಅಷ್ಟರಲ್ಲಿ ಚಿಕ್ಕಪ್ಪ ಅಜ್ಜಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಯಾಗಿತ್ತು.

ಅವಳು ಕೆಲಸ ಮುಗಿಸಿ ಬಂದಾಗ ಅಜ್ಜಿಯ ಬ್ಯಾಗು ಬಾಗಿಲ ಬಳಿ ಇತ್ತು.

"ಇನ್ನೂ ಒಂದ್ಸಲ ಕೇಳ್ತೀನಿ. ಗಂಡನ ಮನೆಗೆ ಹೋಗ್ತೀಯೋ ಇಲ್ವೋ?"

"ಹೋಗಲ್ಲಮ್ಮ."

"ಹಾಗಾದ್ರೆ ನಾನು ಹೋಗ್ತೀನಿ."

ಅಜ್ಜಿ ತನ್ನ ಮಗನ, ಅಂದರೆ ನನ್ನ ಮಾವನ, ಮನೆ ಸೇರಿದಳು. ಈಗ ಭಾನುವಾರ ಫೋನು ಮಾಡುತ್ತಾಳೆ, ನನಗೆ. ಚಿಕ್ಕಮ್ಮ ಕೈ ಚಾಚಿದರೆ ಕೊಡುತ್ತೇನೆ.

"ಯೋಚನೆ ಮಾಡಿದ್ಯೇನೇ?" ಎಂದು ಅಲ್ಲಿಂದ ಕೇಳುವುದು ನನಗೂ ಕೇಳಿಸುತ್ತದೆ.

"ಊಟ ಆಯ್ತಾಮ್ಮ?" ಎನ್ನುತ್ತಾಳೆ ಚಿಕ್ಕಮ್ಮ.

ಅಜ್ಜಿ ಫೋನು ಇಟ್ಟುಬಿಡುತ್ತಾಳೆ.