ಗಂಡಸರ ಕಡೆ ತೋರಿಸಿದ ಸಿನಿಮಾ

ಕಳೆದ ಭಾನುವಾರ ಮಧ್ಯಾಹ್ನ ಮೂರೂವರೆಗೆ ನನ್ನ ಗಂಡ ಹೇಳಿದ್ದ ಸುಳ್ಳೊಂದು ಸಿಕ್ಕಿಬಿತ್ತು.

ಅವರು ತೀರಿಕೊಂಡು ಆರು ವರ್ಷವಾಯಿತು. ಹಾಗಾಗಿ ಜಗಳ ಆಡಲೂ ಬರುವಂತಿಲ್ಲ.

ಹಿಡಿದವಳು ನಾನಲ್ಲ. ಮೊಮ್ಮಕ್ಕಳು. ಒಂಬತ್ತನೇ ಕ್ಲಾಸಿನ ಶಿವಾನಿ, ನಾಲ್ಕನೇ ಕ್ಲಾಸಿನ ಗುರು. ಈ ಅಂಕಣವನ್ನು ನಾನು ಬರೆಯುವುದೇ ಇವರಿಬ್ಬರಿಗಾಗಿ. (ಇವರನ್ನು ಬಿಟ್ಟು ಉಳಿದವರೆಲ್ಲ ಓದುತ್ತಾರೆ.)

ಮೊದಲು ನಮ್ಮವರ ಬಗ್ಗೆ ಹೇಳಿಬಿಡುತ್ತೇನೆ. ಕಮಲಾಪುರದಲ್ಲಿ ಸರ್ವೇಯರ್ ಆಗಿದ್ದರು. ಹೊಲ ಅಳೆಯುವ ಕೆಲಸ. ಸ್ವಂತ ಅಣ್ಣ ಕೇಳಿದರೂ ಗಡಿಯ ಬಾಂದುಕಲ್ಲನ್ನು ನಾಲ್ಕು ಬೆರಳು ಆಚೆ ಸರಿಸಿದವರಲ್ಲ. ಆ ಅಣ್ಣ ಎರಡು ವರ್ಷ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ಅಂಥ ಮನುಷ್ಯ ನಮ್ಮವರು. ಅವರು ಹೊಲ ಅಳೆಯುವ ಚೈನು ಹಿಡಿದು ನಿಂತ ಫೋಟೊವನ್ನು ಗುರು ಸ್ಕೂಲಿಗೆ ಒಯ್ದು, "ನಮ್ಮ ಮುತ್ಯಾ ಒಂದ್ ಸುಳ್ಳ ಹೇಳಿಲ್ಲ" ಎಂದು ಇಡೀ ಕ್ಲಾಸಿಗೆ ತೋರಿಸಿ ಬಂದಿದ್ದಾನೆ.

ಇನ್ನು ಸಿನಿಮಾ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಹುಡುಕಿ ಕೊನೆ ನೋಡಿಬಿಡುತ್ತೀರಿ.

ನಲವತ್ತೇಳು ವರ್ಷದ ಹಿಂದಿನ ಮಾತು. ನನ್ನ ಮದುವೆಯಾಗಿ ಎರಡು ತಿಂಗಳು. ಹಳ್ಳಿ ಶಾಲೆಯಲ್ಲಿ ಏಳನೆಯ ತನಕ ಓದಿದವಳು ನಾನು. ಸಿನಿಮಾ ಥಿಯೇಟರ್ ಕಂಡವಳಲ್ಲ. ಗುಲ್ಬರ್ಗಾಕ್ಕೆ ಒಂದು ಇಂಗ್ಲಿಷ್ ಸಿನಿಮಾ ಬಂದಿದೆ, ನೋಡಲೇಬೇಕು ಎಂದು ಅವರು ಒಂದು ತಿಂಗಳಿನಿಂದ ಹೇಳುತ್ತಿದ್ದರು. ಅಂತೂ ಒಂದು ದಿನ ಕಮಲಾಪುರದಿಂದ ಬಸ್ಸಿನಲ್ಲಿ ಮ್ಯಾಟಿನಿಗೆ ಹೋದೆವು.

ಥಿಯೇಟರಿನಲ್ಲಿ ಹೆಂಗಸರಿಗೆ ಬೇರೆ ಜಾಗ. ಪಕ್ಕಕ್ಕೆ ಉದ್ದನೆಯ ಪರದೆ. ಕತ್ತಲಾದ ಮೇಲೆ ಪರದೆ ಸರಿಸುತ್ತಿದ್ದರು, ದೀಪ ಹತ್ತಿದರೆ ಮತ್ತೆ ಎಳೆಯುತ್ತಿದ್ದರು. ಗಂಡಸರು ಆ ಕಡೆ, ನಾವು ಈ ಕಡೆ. ಮದುವೆಯಾಗಿ ನೋಡಿದ ಮೊದಲ ಸಿನಿಮಾವನ್ನು ಗಂಡ ಹೆಂಡತಿ ಬೇರೆ ಬೇರೆ ಕೂತು ನೋಡಿದೆವು. ಆಗ ಅದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಕಥೆ ಏನು? ಒಂದು ಬಿಳಿಯರ ಕುಟುಂಬ. ಅಪ್ಪ, ಅವ್ವ, ದೊಡ್ಡ ಮಗ, ಒಂದು ಕೂಸು, ಒಂದು ಕಿವಿ ಹರಿದ ನಾಯಿ. ಆಫ್ರಿಕಾದ ಕಾಡಿನಲ್ಲಿ ದಾರಿ ತಪ್ಪಿಸಿಕೊಂಡಿದ್ದಾರೆ. ಭಾಷೆ ತಿಳಿಯಲಿಲ್ಲ. ಹೆದರಿಕೆ ತಿಳಿಯಿತು. ಕೊನೆಗೆ (ಅದು ಕೊನೆ ಎಂದೇ ನಾನು ತಿಳಿದದ್ದು) ಅವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹಗ್ಗದ ಸೇತುವೆ ಮೇಲೆ ನಡುಮಧ್ಯದಲ್ಲಿ ನಿಂತಿದ್ದಾಳೆ. ಕೆಳಗೆ ನದಿ. ಹಗ್ಗ ಎಳೆ ಎಳೆಯಾಗಿ ಬಿಚ್ಚುತ್ತಿದೆ.

ದೀಪ ಹತ್ತಿತು. ಪರದೆ ಎಳೆದರು. ಹೆಂಗಸರೆಲ್ಲ ಎದ್ದರು. ನಾನೂ ಎದ್ದೆ.

ಬಾಗಿಲಲ್ಲಿ ಗೇಟಿನವನು ಕೈಗೆ ಒಂದು ಸಣ್ಣ ರಟ್ಟಿನ ಚೀಟಿ ಕೊಟ್ಟ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಉರ್ದು. ನನಗೆ ಎರಡೂ ಬಾರದು. ಸಿನಿಮಾ ನೋಡಿದ್ದಕ್ಕೆ ನೆನಪಿಗೆ ಕೊಡುತ್ತಾರೆ ಎಂದುಕೊಂಡೆ. ಕೂಸು ಹೋಯಿತಲ್ಲ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನೇರ ರಸ್ತೆಗೆ ಬಂದು ನಿಂತುಬಿಟ್ಟೆ.

ಅವರು ಓಡಿ ಬಂದರು.

"ಯಾಕ, ಏನಾತು? ಯಾಕ ಅಳಾಕತ್ತೀ?"

"ಕೂಸು ಬಿತ್ತಲ್ರೀ."

"ಎಲ್ಲಿ ಬಿತ್ತು? ಬಿದ್ದಿಲ್ಲ."

"ನಿಮಗ ಹೆಂಗ ಗೊತ್ತು? ಸಿನಿಮಾ ಮುಗೀತಲ್ರೀ. ಅಷ್ಟ ದೂರದಿಂದ ಬಂದಿವಿ, ಹಿಂಗ ಮುಗಿಸೋದೇನ್ರೀ?"

ಅವರು ನನ್ನನ್ನು ನೋಡಿದರು. ನನ್ನ ಕೈಯಲ್ಲಿದ್ದ ಚೀಟಿ ನೋಡಿದರು. ಚಹಾ ಅಂಗಡಿ ಮುಂದೆ ನಿಂತ ನಾಲ್ಕು ಜನ ನಮ್ಮ ಮಾತು ಕೇಳಿ ಆಗಲೇ ಹಲ್ಲು ಬಿಡುತ್ತಿದ್ದರು. ನಮ್ಮವರ ಕೈಯಲ್ಲೂ ಅಂಥದ್ದೇ ಒಂದು ಚೀಟಿ ಇತ್ತು. ಅದನ್ನು ಮಡಚಿ ಜೇಬಿನಲ್ಲಿ ಹಾಕಿಕೊಂಡರು.

"ಗಂಡಸರ ಕಡಿ ಇನ್ನಾ ಸ್ವಲ್ಪ ತೋರ್ಸ್ಯಾರ" ಎಂದರು. "ನಡಿ, ಬಸ್ಸಿನಾಗ ಹೇಳ್ತೀನಿ."

ನಾನು ನಂಬಿದೆ. ನಂಬದೆ ಏನು? ಪರದೆ ಎಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಕಾಲದಲ್ಲಿ ಗಂಡಸರಿಗೆ ಎಲ್ಲವೂ ಸ್ವಲ್ಪ ಹೆಚ್ಚೇ ಸಿಗುತ್ತಿತ್ತು. ಸಿನಿಮಾ ಸಿಗಬಾರದೇ?

ಬಸ್ಸಿನಲ್ಲಿ ಕಮಲಾಪುರ ಬರುವ ತನಕ ಉಳಿದ ಕಥೆ ಹೇಳಿದರು. ಕೂಸು ಬೀಳಲಿಲ್ಲ. ಆ ಊರಿನ ಮುದುಕನೊಬ್ಬ ಬಂದು ಹಗ್ಗ ಹಿಡಿದ. ಎಲ್ಲರನ್ನೂ ಮನೆಗೆ ಕರೆದೊಯ್ದು ಜೋಳದ ರೊಟ್ಟಿ ಹಾಕಿದ. ("ಅಲ್ಲಿ ಜೋಳ ಬೆಳೀತಾರೇನ್ರೀ?" "ಬೆಳೀತಾರ.") ಕೆಂಪು ಬಾಳೆಹಣ್ಣು ಕೊಟ್ಟ, ನಮ್ಮ ಕಮಲಾಪುರದಂಥವೇ. ಆಮೇಲೆ ಕೂಸಿನ ಅಪ್ಪ ಚೈನು ಹಾಕಿ ಕಾಡು ಅಳೆಯುತ್ತ ಅಳೆಯುತ್ತ ದಾರಿ ಕಂಡುಹಿಡಿದು ಎಲ್ಲರನ್ನೂ ಊರಿಗೆ ಮುಟ್ಟಿಸಿದ.

ಚೈನು ಬಂದಾಗಲಾದರೂ ನನಗೆ ಸಂಶಯ ಬರಬೇಕಿತ್ತು.

ಬರಲಿಲ್ಲ. ಮಗನಿಗೆ ಅದೇ ಕಥೆ ಹೇಳಿ ಉಣ್ಣಿಸಿದೆ. ಮೊಮ್ಮಕ್ಕಳಿಗೂ ಅದನ್ನೇ ಹೇಳಿದೆ. ಸಿನಿಮಾಕ್ಕೆ ಇಂಟರ್ವಲ್ ಇರುತ್ತದೆ ಎಂದು ಇಷ್ಟು ವರ್ಷ ಗೊತ್ತಾಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಗೊತ್ತಾಯಿತು. ಆದರೆ ಇಂಗ್ಲಿಷ್ ಸಿನಿಮಾ ಅಳತೆಯಲ್ಲಿ ಚಿಕ್ಕದು, ಅದಕ್ಕೆ ಇಂಟರ್ವಲ್ ಇಲ್ಲ ಎಂದು ಅವರೇ ಹೇಳಿದ್ದರು. ಸರ್ವೇಯರ್ ಹೇಳಿದ ಅಳತೆಯನ್ನು ಯಾರು ಪ್ರಶ್ನೆ ಮಾಡುತ್ತಾರೆ?

ಒಮ್ಮೆ ಅದೇ ಸಿನಿಮಾ ಟಿವಿಯಲ್ಲಿ ಬಂತು. ಕಿವಿ ಹರಿದ ನಾಯಿ ಕಂಡ ಕೂಡಲೇ ಅವರು ಎದ್ದು ಟಿವಿ ಆರಿಸಿದರು. "ಕರೆಂಟ್ ಹೋಗೋ ಟೈಮ್ ಆತು" ಎಂದರು. ಅವತ್ತು ಕರೆಂಟ್ ಹೋಗಲಿಲ್ಲ. ನಾನು ಗಮನಿಸಲಿಲ್ಲ.

ಈಗ ಭಾನುವಾರಕ್ಕೆ ಬರೋಣ. ಗುಲ್ಬರ್ಗಾದ ಜೇವರ್ಗಿ ಕಾಲೋನಿಯ ಮಗನ ಮನೆ. ಟ್ಯೂಷನ್ ಇಲ್ಲದ ಮಧ್ಯಾಹ್ನ. ಹಗ್ಗದ ಸೇತುವೆ, ಕೂಸು, ಹರಿದ ಕಿವಿಯ ನಾಯಿ ಎಂದು ಶಿವಾನಿ ಮೊಬೈಲಿನಲ್ಲಿ ಹುಡುಕಿ, ಟಿವಿಗೆ ಜೋಡಿಸಿ, "ಆಯಿ, ನಿನ್ನ ಸಿನಿಮಾ ಸಿಕ್ತು" ಎಂದು ನನ್ನನ್ನು ಕೂರಿಸಿದಳು. ಹಗ್ಗ ಬಿಚ್ಚುವ ತನಕ ನೋಡಿದೆವು. ನಾನು ಎದ್ದೆ.

"ಮುಗೀತು. ಇನ್ನ ಮುಂದಿಂದು ಗಂಡಸರ ಕಡಿ ತೋರಿಸ್ತಾರ."

ಗುರು ಟಿವಿ ಕೆಳಗಿನ ಕೆಂಪು ಗೆರೆ ತೋರಿಸಿದ. "ಏ ಆಯಿ, ಇನ್ನಾ ಅರ್ಧಾ ಅದ!"

ಶಿವಾನಿ ಸಿನಿಮಾ ನಿಲ್ಲಿಸಿದಳು. ಅವ್ವ ಕೂಸನ್ನು ಹಿಡಿದು ಹಾಗೇ ನಿಂತಳು. ನಾನು ಟ್ರಂಕು ತೆಗೆದು, ಕುಂಕುಮದ ಡಬ್ಬಿಯೊಳಗಿಂದ ಆ ಚೀಟಿ ತಂದೆ. ಬಣ್ಣ ಹೋಗಿದೆ, ಅಕ್ಷರ ಇವೆ. ಶಿವಾನಿ ಓದಿದಳು. ಮತ್ತೊಮ್ಮೆ ಓದಿದಳು.

"ಏನಂತ ಬರ್ದದ?"

"ಇಂಟರ್ವಲ್ ಪಾಸ್ ಅಂತ ಅದ ಆಯಿ. ಹತ್ತು ನಿಮಿಷದಾಗ ಒಳಗ ಬರಬೇಕಂತ."

ಗುರುವಿನ ಮುಖ ನೋಡಬೇಕಿತ್ತು. "ಅಂದ್ರ ಮುತ್ಯಾನೂ ನೋಡಿಲ್ಲ! ಎಲ್ಲಾ ಸುಳ್ಳ ಹೇಳ್ಯಾರ. ನಾ ಕ್ಲಾಸಿನಾಗ ಏನ್ ಹೇಳ್ಲಿ?"

ಅವನ ಕಣ್ಣಲ್ಲಿ ನೀರು. ಅವನಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತೇನೆ. ಗುರು, ಯಾರಾದರೂ ತಪ್ಪು ಮಾಡಿದರೆ ನಾವು ಎಷ್ಟು ಸೆಕೆಂಡ್ ಸುಮ್ಮನಿರುತ್ತೇವೆ? ನಿನ್ನ ಅಕ್ಕ ಒಂದು ಸ್ಪೆಲ್ಲಿಂಗ್ ತಪ್ಪಿದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತೀ. "ಏ ಹುಚ್ಚೀ, ಇದು ಇಂಟರ್ವಲ್" ಎಂದಿದ್ದರೆ ಮುತ್ಯಾನ ಕೆಲಸ ಮುಗಿಯುತ್ತಿತ್ತು. ಚಹಾ ಅಂಗಡಿ ಮುಂದಿನವರು ನಗುತ್ತಿದ್ದರು, ನಾನು ನಾಚಿಕೆಯಿಂದ ನೆಲಕ್ಕಿಳಿದು ಹೋಗುತ್ತಿದ್ದೆ. ಅವರು ಒಳಗೆ ಹೋಗಿ ಆರಾಮ ಸಿನಿಮಾ ನೋಡಬಹುದಿತ್ತು. ತಿಂಗಳಿಡೀ ಕಾದ ಸಿನಿಮಾ ಅದು. ಬಿಟ್ಟರು. ಆಮೇಲೂ ಒಮ್ಮೆಯೂ ಆಡಿ ತೋರಿಸಲಿಲ್ಲ. ಇದನ್ನು ಸುಳ್ಳಿನ ಲೆಕ್ಕಕ್ಕೆ ಹಾಕುವುದಾದರೆ ಹಾಕು. ಹಾಕುವ ಮೊದಲು ಒಮ್ಮೆ ಅಳೆದು ನೋಡು.

ಮಕ್ಕಳು ಉಳಿದರ್ಧ ನೋಡಿದರು. ನಾನು ಅಡುಗೆಮನೆಯಲ್ಲಿ ಹೆಸರುಬೇಳೆ ಆರಿಸುತ್ತ ಕೂತೆ. ಅದರಲ್ಲಿ ಕಲ್ಲೇನೂ ಇರಲಿಲ್ಲ. ಗುರು ಬಾಗಿಲಿಗೆ ಬಂದು ನಿಂತ.

"ಚೈನಿಲ್ಲ ಆಯಿ. ಬಾಳೆಹಣ್ಣಿಲ್ಲ. ಮುದುಕನೂ ಇಲ್ಲ."

"ಕೂಸು?"

"ಬೀಳಂಗಿಲ್ಲ." ಒಳಗೆ ಬಂದು ನನ್ನ ಪಕ್ಕ ಕೂತ. "ಅಷ್ಟಾರ ಮುತ್ಯಾ ಖರೆ ಹೇಳ್ಯಾರ."

ಅಂದಿನಿಂದ ಶಿವಾನಿ ಬೆನ್ನು ಬಿಟ್ಟಿಲ್ಲ. "ಆಯಿ, ನಿನ್ನ ಕಡಿ ಪಾಸ್ ಅದ. ಉಳಿದರ್ಧ ನೋಡು ಬಾ, ಒಂದೇ ತಾಸು."

ಪಾಸೇನೋ ಇದೆ. ಆದರೆ ನನಗಾಗಿ ಹೊರಗೆ ನಿಂತವರನ್ನು ಅಲ್ಲೇ ಬಿಟ್ಟು ನಾನೊಬ್ಬಳೇ ಒಳಗೆ ಹೋಗುವುದು ಹೇಗೆ?